ಜುಂಬರ್ ಕೊಟ್ಟ ಕಾರ್ಡು

ಕುತಾಯಿಸಿಯಲ್ಲಿ ಆ ಬೆಳಿಗ್ಗೆಯೇ ಎರಡು ಸಲ ಕರೆಂಟು ಹೋಗಿತ್ತು.
ಜುಂಬರ್ ತಂದಿಟ್ಟ, ನನ್ನ ಇಸ್ತ್ರಿ ಮೇಜಿನ ಮೇಲೆ,
ಹಳೆ ಟವೆಲಿನಲ್ಲಿ ಸುತ್ತಿದ ಗ್ರಾಫಿಕ್ಸ್ ಕಾರ್ಡು:
ಎರಡು ಫ್ಯಾನು, ಬೆನ್ನಿಗೆ ತಗಡು,
ಸಂದುಗೊಂದಿಯಲ್ಲಿ ನೆಲಮಾಳಿಗೆಯ ಧೂಳು.
ಮೂರು ವರ್ಷ ಅದು ಅವನ ಮನೆಯಡಿ
ಹಗಲೂ ರಾತ್ರಿ ಕಾಣದ ನಾಣ್ಯ ಅಗೆಯುತ್ತಿತ್ತು.
ಅಗೆದದ್ದು ಏನಾಯಿತೋ,
ಅವನ ಕೋಟಿನ ಹೊಲಿಗೆ ಬಾಕಿ ಮಾತ್ರ ನನ್ನ ಪುಸ್ತಕದಲ್ಲಿ ಹಾಗೇ ಇತ್ತು.
"ಎತೆರಿ, ಲೆಕ್ಕ ಚುಕ್ತಾ," ಅಂದ. ಹೋದ.

ನಾನು ದರ್ಜಿ. ಕುಣಿಯುವವರಿಗೆ ಚೋಖಾ ಹೊಲಿಯುತ್ತೇನೆ.
ಈಚೆಗೆ ಕತ್ತರಿ ಹಿಡಿಯುವ ಮೊದಲು
ಪರದೆಯ ಮೇಲೆ ಹೊಲಿದು ನೋಡುತ್ತೇನೆ.
ಆದರೆ ನನ್ನ ಕಂಪ್ಯೂಟರಿನಲ್ಲಿ ಆ ನಿಲುವಂಗಿ ಒಂದು ಸುತ್ತು ತಿರುಗುವಷ್ಟರಲ್ಲಿ
ನಾನೊಂದು ಕಾಜ ಹೊಲಿದು ಮುಗಿಸಿರುತ್ತೇನೆ.
ನೆರಿಗೆ ಬೀಳುವುದಿಲ್ಲ; ಹಲಗೆಯ ಹಾಗೆ ನಿಲ್ಲುತ್ತದೆ.

ಟೇಪು ಕೊರಳಲ್ಲಿದ್ದ ಹಾಗೇ
ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿ ಕೂರಿಸಿ
ರಿಯೋನಿಯ ಮೇಲಿನ ಬಿಳಿ ಸೇತುವೆ ದಾಟಿ
ಮೆಟ್ಟಿಲ ಕೆಳಗಿನ ಮಾಲ್ಖಾಜನ ಅಂಗಡಿಗೆ ಹೋದೆ.

"ಕೂರುತ್ತದಾ?"
ಅವನು ಕಾರ್ಡನ್ನು ನೋಡಲೇ ಇಲ್ಲ. ಪೆಟ್ಟಿಗೆಯ ಪಕ್ಕೆ ಬಿಚ್ಚಿ
ಟಾರ್ಚು ಬಾಯಲ್ಲಿ ಕಚ್ಚಿ, ಬೋರ್ಡಿನ ಹೆಸರು ಓದಿದ:
ಸ್ಲಾಟುಗಳ ನಡುವೆ ಇರುವೆ ಗಾತ್ರದ ಬಿಳಿ ಅಕ್ಷರ.
ಎಂಟು ವರ್ಷ ಅದರ ಮುಂದೆ ಕೂತಿದ್ದೇನೆ,
ಅದಕ್ಕೊಂದು ಹೆಸರಿದೆ ಎಂದು ಗೊತ್ತಿರಲಿಲ್ಲ.

"ಉದ್ದನೆಯ ಸ್ಲಾಟಿದೆ. ಆದರೆ ಬೋರ್ಡು ಮೂರನೆಯ ತಲೆಮಾರು,
ಕಾರ್ಡು ನಾಲ್ಕನೆಯದು."
ನನ್ನ ಮುಖ ಸಣ್ಣದಾಗಿರಬೇಕು.
"ಅಯ್ಯೋ, ಜಗಳವೇನಿಲ್ಲ. ಎಳೆಯದು
ಹಳೆಯದರ ಹತ್ತಿರ ಮಾತಾಡುವಾಗ
ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೇ."
ಮನುಷ್ಯರಲ್ಲಿ ನಾನಿದನ್ನು ನೋಡಿದ್ದು ಕಡಿಮೆ.

ಉದ್ದ ನಾನೇ ಅಳೆದೆ.
ಕಾರ್ಡು ಇಪ್ಪತ್ತಾರೂ ಮುಕ್ಕಾಲು ಸೆಂಟಿಮೀಟರು,
ಒಳಗೆ ಡಿಸ್ಕಿನ ಗೂಡಿನ ತನಕ ಇಪ್ಪತ್ತೆಂಟು.
ಕಂಪನಿಯ ಹಾಳೆ ಹುಡುಕಿ ಅವನು ಹೇಳಿದ್ದೂ ಅದೇ.
ಟೇಪು ಸುತ್ತುವಾಗ ನನಗೆ ತುಸು ಜಂಬ.
ಒಂದೂಕಾಲು ಸೆಂಟಿಮೀಟರು ಸಡಿಲ: ನನ್ನ ಕಸುಬಿನಲ್ಲಿ
ಅದು ಉಸಿರಾಡುವ ಜಾಗ.

ಎಡವಿದ್ದು ಕರೆಂಟಿನಲ್ಲಿ.
ಮೂಲೆಯ ಡಬ್ಬದ ಚೀಟಿ ಹೇಳಿತು ನಾನೂರೈವತ್ತು ವ್ಯಾಟು,
ಕಾರ್ಡು ಕೇಳುವುದು ಐನೂರೈವತ್ತು,
ಜೊತೆಗೆ ಎಂಟು ಸೂಜಿಯ ತಂತಿ ಬೇರೆ; ಇದ್ದದ್ದು ಆರರದ್ದು.
ಹಾಸಿಗೆ ಗಿಡ್ಡ, ಕಾಲು ಉದ್ದ.
"ಹೀಗೇ ಹಾಕಿದರೆ?"
"ಸುಮ್ಮನಿರುವಾಗ ಸುಮ್ಮನಿರುತ್ತದೆ. ನಿನ್ನ ನಿಲುವಂಗಿ
ತಿರುಗಲು ಶುರುಮಾಡಿದ ಗಳಿಗೆ, ಎಲ್ಲಾ ಕಪ್ಪು."

ಅವನ ಕಪಾಟಿನಲ್ಲಿ ಆರುನೂರರ ಡಬ್ಬವೊಂದಿತ್ತು, ಬಳಸಿದ್ದು.
ಬೆಲೆ ಕೇಳಿದೆ. ಹರಿದ ಪ್ಯಾಂಟಿನ ಜೇಬು ಹೊರಗೆಳೆದು ತೋರಿಸಿದ:
ಇಂಥವು ನಾಲ್ಕು, ಮತ್ತೆ ಮಗಳ ಕೋಟಿಗೆ ಲೈನಿಂಗು.
ಆಯಿತು ಅಂದೆ.

ಟಕ್ ಅಂದಿತು ಸ್ಲಾಟಿನ ಕೊಕ್ಕೆ,
ಪ್ರೆಸ್ ಬಟನ್ ಕೂತ ಹಾಗೆ.
ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು.
ಬಿಚ್ಚಿದ, ಹಾಕಿದ. ಕಪ್ಪು.
ಮೆಮೊರಿ ತೆಗೆದು ಒರೆಸಿ ಹಾಕಿದ. ಕಪ್ಪು.
ಜುಂಬರನ ಕುಲಕ್ಕೆಲ್ಲ ಇಬ್ಬರೂ ಸೇರಿ ಶಾಪ ಹಾಕಿದೆವು.
ಆಗ ಟೀ ತಂದ ಮಗಳು ನುತ್ಸಾ
ಹಿಂಬದಿಗೆ ಬಗ್ಗಿ ನೋಡಿ
ಪರದೆಯ ತಂತಿಯನ್ನು ಬೋರ್ಡಿನ ಕಿಂಡಿಯಿಂದ ಕಿತ್ತು
ನಾಲ್ಕು ಬೆರಳು ಕೆಳಗೆ, ಕಾರ್ಡಿನ ಕಿಂಡಿಗೆ ಚುಚ್ಚಿದಳು.
ಯಾರೂ ಏನೂ ಅನ್ನಲಿಲ್ಲ.
ಮಾಲ್ಖಾಜ್ ಟೀಗೆ ಮೂರು ಸಲ ಸಕ್ಕರೆ ಹಾಕಿಕೊಂಡ.

ಈಗ ಚೋಖಾ ತಿರುಗುತ್ತದೆ. ಸೊಂಟದ ಕೆಳಗೆ ನೆರಿಗೆ ಅರಳಿ
ಒಂದರ ಹಿಂದೊಂದು, ಬಟ್ಟೆಗೆ ತೂಕ ಬಂದ ಹಾಗೆ, ಬೀಳುತ್ತದೆ.

ಒಂದೇ ತಕರಾರು. ಎಂಟು ಸೂಜಿಯ ತಂತಿ
ಕಾರ್ಡಿನ ನೆತ್ತಿಯಿಂದ ಉಬ್ಬಿಕೊಂಡು, ಪೆಟ್ಟಿಗೆಯ ಪಕ್ಕೆ ಮುಚ್ಚುವುದಿಲ್ಲ.
ಆ ಕಡೆಯ ಅಳತೆ ತೆಗೆಯುವುದನ್ನು ಇಬ್ಬರೂ ಮರೆತಿದ್ದೆವು.
ತಗಡು ಗೋಡೆಗೆ ಒರಗಿದೆ. ಅದರ ಜಾಗಕ್ಕೆ
ತೆಳು ಜಾಲರಿ ಬಟ್ಟೆ ಕತ್ತರಿಸಿದ್ದೇನೆ,
ಮೂಲೆಗೊಂದು ಅಯಸ್ಕಾಂತ,
ತಂತಿ ಉಬ್ಬುವಲ್ಲಿ ಎರಡು ನೆರಿಗೆ ಜಾಸ್ತಿ,
ಬಸುರಿಯರ ಅಂಗಿಗೆ ಬಿಡುತ್ತೇನಲ್ಲ, ಹಾಗೆ.