ಕಾಣದಂಥ ಜಾಗಾ

"ಕಾಣದಂಥ ಜಾಗಾ ನೋಡಿ ಬರೀರಿ," ಅಂದ್ರು ಕಟಗಿಹಳ್ಳಿಮಠ ಮೇಡಂ.
ಮೂವತ್ತು ವರ್ಷ ಹುಬ್ಬಳ್ಳಿ ತುಂಬ
ಓಡೋ ಬಸ್ಸಿನ್ಯಾಗಿಂದೂ ಕಾಣೂಹಂಗ ಬರದವ ನಾ:
ದುರ್ಗದಬೈಲಿನ ಸೀರಿ ಅಂಗಡಿ, ದವಾಖಾನಿ, ಹಿಟ್ಟಿನ ಗಿರಣಿ,
ಚುನಾವಣಿ ಬಂದ್ರ ಎಲ್ಲಾ ಪಾರ್ಟಿ ಗುರುತೂ ಒಂದ ಬ್ರಶ್ಶಿಲೆ.
ಫ್ಲೆಕ್ಸ್ ಬಂತು. ಏಣಿ ಮಾರಿದೆ.

ಈಗ ಧಾರವಾಡದಾಗ, ದೊಡ್ಡ ಮ್ಯೂಸಿಯಮ್ಮಿನ ಹಿಂದಿನ ಖೋಲ್ಯಾಗ,
ಕೈಯಾಗ ಸೊನ್ನಿ ನಂಬರಿನ ಬ್ರಶ್ಶು,
ಮುಂದ ಮೂರು ಸಾವಿರದ ಇನ್ನೂರು ಸಾಮಾನು.
ಮೊದಲ ವಾರ್ನಿಶ್ಶಿನ ಒಂದು ಪದರ, ಅದರ ಮ್ಯಾಲೆ ನಂಬರು.
ನಾಳೆ ಯಾರರೆ ಅಳಸ್ತೀನಂದ್ರ
ಕಲ್ಲಿಗೆ ಗೊತ್ತಾಗದಂಗ ಅಳಸಾಕ ಬರಬೇಕಂತ.
ಮಳಿ ಬಿಸಲಿಗೆ ಜಗ್ಗದಂಗ ಬಣ್ಣಾ ಕಲಸಿದ ಕೈ ಇದು,
ಕಲಿಯಾಕ ಒಂದು ವಾರ ಹಿಡೀತು.

ಗಿಣಿ ಆಕಾರದ ಅಡಕೊತ್ತಿಗೆ ರೆಕ್ಕಿ ಒಳಗ.
ಕುಂತ ತೀರ್ಥಂಕರಗ ಬೆನ್ನಿಗೆ;
ತಣ್ಣಗ ಹತ್ತತೈತಿ, ತಡಕೋಪಾ, ಅಂದೆ.
ತಲಿ ಹೋದ ಮೂರ್ತಿ ಬಂದಾಗ ಮೇಡಂ ಕೈ ಹಿಡದ್ರು:
"ಮುರದ ಜಾಗಾದಾಗ ಬ್ಯಾಡ್ರಿ.
ಎಂದರೆ ತಲಿ ಸಿಕ್ರ ಕೂಡಸಬೇಕಲ್ಲ."

ಕಲಘಟಗಿಯಿಂದ ಬಂದ ಸಾಲಿ ಹುಡುಗ ಒಬ್ಬಾವ
ಬಾಗಲದಾಗ ಹಣಿಕಿ ಹಾಕಿ ಕೇಳಿದ:
"ಕಾಕಾ, ಇವನ್ನೆಲ್ಲಾ ನೀವ ಮಾಡೀರೇನು?"
ಹೌದು ಅನ್ನಾಕ ತುಟಿತನಕ ಬಂದಿತ್ತು.

ಹಾನಗಲ್ಲ ಕಡೆಯ ವೀರಗಲ್ಲು,
ದನಾ ಬಿಡಿಸಿಕೊಂಡು ಬರಾಕ ಹೋಗಿ ಸತ್ತವಂದು.
ಕೆಳಗ ಸಾಯಾಕತ್ತಾನ, ಮ್ಯಾಲೆ ಆರಾಮ ಕುಂತಾನ.
ಹೆಸರಿನ ಸಾಲು ಸವದು ನುಣ್ಣಗಾಗೇತಿ,
ದನದ ಕೋಡು ಇನ್ನೂ ಬೆರಳಿಗೆ ಚುಚ್ಚತಾವ.

ಒಂದು ತಾಮ್ರದ ಸೇರು. ಹೊರಳಿಸಿದೆ, ನಗು ಬಂತು.
ತಳಾ ಒಳಗ ಬಡದು ಉಬ್ಬಿಸ್ಯಾರ,
ಒಂದೊಂದು ಸೇರಿಗೆ ಒಂದು ಹಿಡಿ ಜ್ವಾಳ ಉಳಿಯೂಹಂಗ.
ಅವಂಗೂ ಯಾರೋ ಹೇಳಿದ್ರೇನೋ,
ಕಾಣದಂಥ ಜಾಗಾ ನೋಡಿ ಮಾಡು ಅಂತ.
ಆ ತಗ್ಗಿನಾಗ ನಂಬರು ಬರದೆ, ಚಂದಾಗಿ, ದುಂಡಗ.

ಆಮ್ಯಾಲೆ ಗದಗ ಸೀಮಿಯ ಶಾಸನ.
ಕರೀ ಕಲ್ಲು, ಸೂರ್ಯ ಚಂದ್ರ, ಆಕಳ ಕರು,
ಹದಿನೇಳನೇ ಸಾಲಿನ ಕೆಳಗ ಸಾಸಿವಿಯಷ್ಟು ಒಂದು ಅಕ್ಷರ.
"ಕೆತ್ತುವಾಗ ಬಿಟ್ಟಾನ್ರಿ," ಮೇಡಂ ಅಂದ್ರು,
"ಆಮ್ಯಾಲೆ ನೋಡಿ ತುರಕ್ಯಾನ."
ನನಗ ಮೈಯೆಲ್ಲಾ ಜುಮ್ಮಂತು.

ಈರಸಂಗಪ್ಪನ ಖಾನಾವಳಿ ಬೋರ್ಡಿನಾಗ
'ನಾ' ಬಿಟ್ಟಿದ್ದೆ ನಾ.
ಖಾವಳಿ! ಅರ್ಧಾ ಬಜಾರ ನಿಂತು ನಕ್ಕಿತ್ತು.
"ಮೌಲಾ, ಇದರಾಗ ನೀನ ಇಲ್ಲಲ್ಲೋ!" ಅಂತ
ಐವತ್ತು ರೂಪಾಯಿ ಮುರಕೊಂಡ.
ಏಣಿ ಹತ್ತಿ, ನಡುವ ಮ್ಯಾಲೆ, ಸಣ್ಣಗ,
ನಾ-ನ್ನ ತುರಕಿದೆ.
ಒಂಬತ್ತು ವರ್ಷ ಬೋರ್ಡು ಹಂಗ ಇತ್ತು,
ಜನಾ ಬಂದ್ರು, ರೊಟ್ಟಿ ತಿಂದ್ರು, ಹ್ವಾದ್ರು.

ಇವ ಯಾರ ಕೈಲೆ ಬೈಸಿಕೊಂಡ್ನೋ.
ದಾನಾ ಕೊಟ್ಟ ದಂಡನಾಯಕನ ಹೆಸರು ಪೂರಾ ಐತಿ, ಬಿರುದು ಸುದ್ದಾ.
ಕಡೀ ಸಾಲಿನಾಗ ರೂವಾರಿ ಹೆಸರು ಚಕ್ಕಿ ಎದ್ದು ಹೋಗೇತಿ,
'ಓಜ' ಅನ್ನೂದಷ್ಟ ಉಳದೈತಿ.
ನಾನೂ ಹಾಕತಿದ್ದೆ, ಬೋರ್ಡಿನ ಬಲಕ್ಕ, ಕೆಳಗ,
ಅಕ್ಕಿಕಾಳಿನಷ್ಟು: ಮೌಲಾ ಆರ್ಟ್ಸ್.

ಕಲ್ಲಿನ ಬಾಜೂಕ ಕುಂತು ಕೈಯಾಡಿಸಿದೆ.
ಮುಂದಿಂದು ಕನ್ನಡಿ. ಬಾಜೂಂದು ಒರಟು,
ಉಳಿ ಏಟು ಒಂದರ ಮ್ಯಾಲೊಂದು ಹಂಗ ಅದಾವ;
ಇಲ್ಲೆ ಯಾರು ನೋಡತಾರ ಅಂತ ಬಿಟ್ಟಾನ.
ಎರಡು ಏಟಿನ ನಡುವ ಸ್ವಲ್ಪ ಸಪಾಟ ಜಾಗಾ ಸಿಕ್ತು.
ಅಲ್ಲೆ ಬರದೆ: ಒಂದು, ಏಳು, ನಾಕು, ಎಂಟು.
ಎರಡು ಸಲ ಎಣಿಸಿದೆ, ಒಂದೂ ಬಿಟ್ಟಿಲ್ಲ.

ಹೊರಗಿಂದ ಮೇಡಂ ಕೂಗಿದ್ರು, ಚಾ ಆರತೈತ್ರಿ.
ಬಂದೆ ಅಂದೆ, ಏಳಲಿಲ್ಲ.
ಎಂಟನೂರು ವರ್ಷದ ಕಲ್ಲು,
ಇನ್ನೂ ಹಸಿ ಐತಿ.
ಯಾರರೆ ಮುಟ್ಯಾರು.