ಬಣ್ಣ: ವಿಶಿಷ್ಟ

ಮಸ್ಕತ್, ಘಲಾದ ಪ್ರಯೋಗಶಾಲೆ. ಹೊರಗೆ ನಲವತ್ತಾರು.
ಒಳಗೆ ಇಪ್ಪತ್ತೆರಡು, ಯಂತ್ರಗಳಿಗೆ ಸೆಕೆಯಾಗಬಾರದು.
ಹಮ್ಮಬ್ಬ ತಂಪುಪೆಟ್ಟಿಗೆ ಇಳಿಸಿ, ಕತ್ತು ಒರೆಸಿಕೊಂಡು,
ಡಬ್ಬಿಯ ಅಂಚಿಗೆ ಹತ್ತಿದ ಹಸಿರು ನೋಡಿ ಕೇಳಿದ:
‘ಇದೆಂಥ ಮೇಡಮ್, ಮದರಂಗಿಯಾ?’

ಅಲ್ಲ, ಚಹಾ. ಎಲೆಯನ್ನೇ ಬೀಸಿದ್ದು.
ಬೀಸುಕಲ್ಲು ಮೆಲ್ಲಗೆ ತಿರುಗಬೇಕು,
ಅವಸರಕ್ಕೆ ಕಲ್ಲು ಕಾದರೆ ಬಣ್ಣ ಸಾಯುತ್ತದೆ.
ನಾವು ಸೋಸಿ ಚರಟ ಚೆಲ್ಲುತ್ತೇವಲ್ಲ,
ಇಲ್ಲಿ ಚರಟವೇ ಚಹಾ.
‘ಈ ಮೂವತ್ತು ಗ್ರಾಮಿಗೆ?’
‘ಹದಿನಾಲ್ಕು ರಿಯಾಲ್.’
ಅವನು ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಮೊದಲು ತೇವ. ಆಮೇಲೆ ಬೂದಿ:
ಐನೂರ ಐವತ್ತು ಡಿಗ್ರಿಯ ಕುಲುಮೆಯಲ್ಲಿ
ಹಸಿರು ಕಪ್ಪಾಗಿ, ಕಪ್ಪು ಬೆಳ್ಳಗಾಗಿ
ಮೂಸೆಯ ತಳದಲ್ಲಿ ಉಳಿದದ್ದು ನೂರಕ್ಕೆ ಏಳು.
ಪೊಟ್ಯಾಸಿಯಂ, ಸುಣ್ಣ, ಚೂರು ಕಬ್ಬಿಣ,
ಗಿಡ ಮಣ್ಣಿನಿಂದ ಕಡ ತಂದದ್ದು.
ಪ್ರೋಟೀನು ಮೂವತ್ತರ ಹತ್ತಿರ, ಉದ್ದಿನಬೇಳೆಗಿಂತ ಮೇಲೆ.
ಹಿಗ್ಗಬೇಡಿ. ಇದು ನೂರು ಗ್ರಾಮಿನ ಲೆಕ್ಕ,
ಲೋಟಕ್ಕೆ ಬೀಳುವುದು ಎರಡು.
ಡಬ್ಬಿಯ ಚೀಟಿ ಈ ಮಾತು ಬಂದಾಗ ಮಾತ್ರ
ದನಿ ತಗ್ಗಿಸುತ್ತದೆ.

ಕೊನೆಯ ಪರೀಕ್ಷೆ ನನಗಿಷ್ಟ.
ಗಾಜಿನ ನಳಿಗೆಯಲ್ಲಿ ನೇರಳೆಹಣ್ಣಿನ ರಸದಂಥ ದ್ರಾವಣ.
ಅದರ ಅಣು ಅಣುವಿನಲ್ಲೂ
ಜೊತೆಯಿಲ್ಲದ ಒಂದು ಎಲೆಕ್ಟ್ರಾನು.
‘ಬ್ಯಾಚುಲರ್’ ಅಂದ ಹಮ್ಮಬ್ಬ.
ರೂವಿಯಲ್ಲಿ ಅವನ ಕೋಣೆಗೆ ಆರು ಜನ,
ಆರೂ ಜನಕ್ಕೆ ಮದುವೆಯಾಗಿದೆ.
ಬಾಡಿಗೆ ಚೀಟಿಯಲ್ಲಷ್ಟೇ ಬ್ಯಾಚುಲರ್.

ಇಂಥವು ಮೈಯೊಳಗೂ ಹುಟ್ಟುತ್ತವೆ, ಬರೀ ಉಸಿರಾಡಿದ್ದಕ್ಕೆ,
ಬಿಸಿಲಿಗೆ, ಹೊಗೆಗೆ ಇನ್ನಷ್ಟು.
ಪಕ್ಕದವರಿಂದ ಕಿತ್ತುಕೊಳ್ಳುತ್ತವೆ.
ಕಳೆದುಕೊಂಡವರು ಅವರ ಪಕ್ಕದವರಿಂದ.
ಚಹಾದ ಕ್ಯಾಟೆಚಿನ್ ಹಾಗಲ್ಲ,
ತನ್ನದನ್ನು ತಾನೇ ಕೊಟ್ಟುಬಿಡುತ್ತದೆ.
ಕೊಟ್ಟ ಮೇಲೂ ಹುಚ್ಚೇಳುವುದಿಲ್ಲ,
ಆದ ಕೊರತೆಯನ್ನು ಮೈತುಂಬ ಹಂಚಿಕೊಂಡು
ಸುಮ್ಮನಿರುತ್ತದೆ.

ಕತ್ತಲಲ್ಲಿ ಅರ್ಧ ಗಂಟೆ ಇಡಬೇಕು.
ಹಮ್ಮಬ್ಬನಿಗೆ ಇನ್ನೂ ಮೂರು ಕಡೆ ಹೋಗುವುದಿತ್ತು. ಹೋಗಲಿಲ್ಲ.
ಪೆಟ್ಟಿಗೆ ತೆರೆದಾಗ ನೇರಳೆ ಎಲ್ಲೋ ಹೋಗಿ
ಒಣಹುಲ್ಲಿನ ತಿಳಿಹಳದಿ.
‘ಹಾಗಾದ್ರೆ ಮದ್ದಾ ಇದು?’
ನಳಿಗೆಯಲ್ಲಿ ಹೌದು, ಎಂದೆ. ಮನುಷ್ಯ ನಳಿಗೆಯಲ್ಲ,
ಕರುಳು ದಾಟಿ ರಕ್ತಕ್ಕೆ ಬರುವುದು ತುಸುವೇ.
ಊಟದ ಜೊತೆ ಕುಡಿದರೆ
ಅನ್ನದ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ.
(ನನ್ನ ಹಿಮೋಗ್ಲೋಬಿನ್ ಒಂಬತ್ತು. ಅದು ಅವನಿಗೇಕೆ.)

ಗಾಜಿನಾಚೆ ಮಧ್ಯಾಹ್ನದ ಕೆಲಸ ನಿಲ್ಲಿಸುವ ಹೊತ್ತು.
ಟ್ರೇಲರಿನ ಅಡಿಯ ಕಪ್ಪು ಪಟ್ಟಿಯಲ್ಲಿ
ರಟ್ಟು ಹಾಸಿಕೊಂಡು ನಾಲ್ವರು ಮಲಗಿದ್ದಾರೆ.
ಬಾಯಿ ತಪ್ಪಿ ಹೇಳಿದೆ: ಕೊಯ್ಲಿಗೆ ಮುಂಚೆ ಈ ಗಿಡಗಳಿಗೆ
ಚಪ್ಪರ ಹಾಕುತ್ತಾರೆ, ಮೂರು ವಾರ.
ಅದಕ್ಕೇ ಇಷ್ಟು ಹಸಿರು, ನಾಲಗೆಗೆ ಇಷ್ಟು ಮೃದು.
‘ಮೂರು ವಾರವಾ!’ ಅಂದ. ‘ಇಲ್ಲಿ ಮೂರು ಗಂಟೆ.’
ಇನ್ನೊಂದು ವಿಷಯ ಹೇಳಬೇಕಿತ್ತು:
ಬಿಸಿಲುಂಡ ಎಲೆ ಒಗರು, ಅಗ್ಗ,
ಆದರೆ ಕೊಡುವ ಸತ್ವ ಅದರಲ್ಲೇ ಹೆಚ್ಚು.
ಅಷ್ಟರಲ್ಲಿ ಅವನು ಖಾಲಿ ಪೆಟ್ಟಿಗೆ ಎತ್ತಿಕೊಂಡು
ಬೆಳಕಿನೊಳಗೆ ಹೋಗಿದ್ದ.

ವರದಿಯಲ್ಲಿ ‘ಬಣ್ಣ’ ಎಂಬ ಕಡೆ ‘ವಿಶಿಷ್ಟ’ ಎಂದು ತುಂಬುವುದು ನಿಯಮ.
ಉಗುರ ಸಂದಿಯಲ್ಲಿ ಅದೇ ಬಣ್ಣ.
ಮದರಂಗಿ, ಎಂದು ಬೆರಳು ಟೈಪಿಸಿತು.
ಅಳಿಸಿ, ವಿಶಿಷ್ಟ ಎಂದೇ ತುಂಬಿ
ಸಹಿ ಹಾಕಿದೆ.