ಮಣ್ಣಿನೊಳಗೆ ಗಂಟು ಬೇಡ

ಕೂದಲೆಳೆಯಂಥ ತಾಮ್ರ ನನ್ನ ಕಸುಬು.
ಇಪ್ಪತ್ತೆರಡು ವರ್ಷದಿಂದ ಸುಟ್ಟ ಪಂಪುಗಳ ಹೊಟ್ಟೆ ಬಿಚ್ಚಿ
ಸುತ್ತು ಎಣಿಸಿ ತೆಗೆದು, ಸುತ್ತು ಎಣಿಸಿ ತುಂಬುವವಳು.
ಇಪ್ಪತ್ತೇಳನೇ ಗೇಜೋ ಇಪ್ಪತ್ತೆಂಟೋ
ಬೆರಳ ತುದಿಗೇ ಗೊತ್ತು, ಕನ್ನಡಕ ಬೇಡ.
ಇವತ್ತು ಸಂತೆಕಟ್ಟೆಯ ಅಂಗಡಿಯಲ್ಲಿ
ಹೆಬ್ಬೆರಳಿಗಿಂತ ದಪ್ಪದ ಕೇಬಲ್ಲಿನ ಮುಂದೆ
ಪೆಚ್ಚಾಗಿ ನಿಂತಿದ್ದೇನೆ.

ಮೀಟರು ಅಣ್ಣನ ಗೋಡೆಯಲ್ಲಿ.
ಶೆಡ್ಡು ನನ್ನ ಪಾಲಿನ ಕೊನೆಯಲ್ಲಿ.
ನಡುವೆ ಅರುವತ್ತೆರಡು ಮೀಟರು:
ಬಾವಿ, ಬಟ್ಟೆಯ ಹಗ್ಗ, ಪಾಲಾದ ದಿನ ನೆಟ್ಟ ಕಲ್ಲು.
ತೆಂಗಿನಿಂದ ತೆಂಗಿಗೆ ಜೋತಿದ್ದ ಹಳೆಯ ವಯರನ್ನು
ಆಟಿಯಲ್ಲಿ ಬಿದ್ದ ಒಂದು ಮಡಲು ಕಡಿಯಿತು.
ಅಳಲಿಲ್ಲ ನಾನು. ಅಲ್ಲಿಂದ ನಾನೂರ ಹದಿನೈದು ಹೊರಟರೆ
ಇಲ್ಲಿಗೆ ಮುನ್ನೂರ ತೊಂಬತ್ತು ಬರುತ್ತಿತ್ತು, ಅದೂ ಏದುಸಿರು ಬಿಡುತ್ತ.
ಹೊಸದಾಗಿ ಕಟ್ಟಿದ ಮೋಟರು ಟೆಸ್ಟಿಗಿಟ್ಟರೆ
ಏಳಲಾರದೆ ನರಳುತ್ತಿತ್ತು.
ಊರಿನ ಪಂಪುಗಳು ಸುಡುವುದು ಇದರಿಂದಲೇ;
ಲೋ ವೋಲ್ಟೇಜೇ ನನ್ನ ಅನ್ನ.
ಆದರೆ ವೈದ್ಯಳ ಮನೆಗೇ ಜ್ವರ ಬಂದರೆ?

ತಾಮ್ರವೇ ಇರಲಿ ಎಂದೆ.
ಚೆಯ್ಯಬ್ಬ ಕ್ಯಾಲ್ಕುಲೇಟರು ಒತ್ತಿ ನನ್ನ ಕಡೆ ತಿರುಗಿಸಿದರು.
ನೋಡಿ ವಾಪಸು ಅವರ ಕಡೆಗೇ ತಿರುಗಿಸಿದೆ.
ಅಲ್ಯುಮಿನಿಯಮ್ಮಿನ ಪಂಪು ಬಂದರೆ
ಮೂಗು ಮುರಿಯುವವಳು ನಾನು, ಊರಿಗೇ ಗೊತ್ತು.
ವಯರ್‌ಮ್ಯಾನ್ ದೂಮಣ್ಣ ನಕ್ಕ:
"ಭಾರ ಹೊರುವವನಿಗೆ ಬಣ್ಣ ಎಂತಕ್ಕೆ ಅಕ್ಕಾ?
ದಪ್ಪ ಇರಲಿ. ಹದಿನಾರರದ್ದು, ನಾಲ್ಕು ಕೋರು.
ಮೈಮೇಲೆ ಉಕ್ಕಿನ ಅಂಗಿ ಇರಲಿ,
ನಿಮ್ಮಲ್ಲಿ ಹೆಗ್ಗಣ ಉಂಟಲ್ಲ."

ಚೆಯ್ಯಬ್ಬರಲ್ಲಿ ಎರಡು ತುಂಡು ಉಳಿದಿತ್ತು,
ಮೂವತ್ತೈದು ಒಂದು, ಮೂವತ್ತು ಇನ್ನೊಂದು.
ಅರ್ಧ ರೇಟಿಗೆ ಕೊಡುತ್ತೇನೆ, ನಡುವೆ ಒಂದು ಜಾಯಿಂಟ್ ಅಷ್ಟೆ.
ಕೈಚೀಲದ ಜಿಪ್ಪಿನ ಮೇಲೆ ನನ್ನ ಕೈ ಹೋಗಿಯೂ ಆಗಿತ್ತು.
"ಬೇಡ," ಎಂದ ದೂಮಣ್ಣ, ಈಗ ನಗದೆ.
"ಮಣ್ಣಿನೊಳಗೆ ಗಂಟು ಬೇಡ.
ಕಲ್ಯಾಣಪುರದ ಹೊಳೆಗೆ ಮಾರ್ಚಿಯಲ್ಲಿ ಉಪ್ಪು ಏರ್ತದೆ,
ನೀರು ಮೊದಲು ಹುಡುಕುವುದೇ ಗಂಟನ್ನು.
ಸುಟ್ಟರೆ ಎಲ್ಲಿ ಅಂತ ಅಗೆಯುವುದು?"

ಒಂದೇ ಉದ್ದದ್ದು ಕೊಂಡೆ, ಅರುವತ್ತೆಂಟು ಮೀಟರು.
ಎರಡು ತುದಿಯಲ್ಲಿ ಒಂದೊಂದು ಬಳೆ ಸುತ್ತು ಬಿಡಬೇಕಂತೆ,
ಮುಂದೆ ಯಾವತ್ತಾದರೂ ಎಳೆಯಬೇಕಾದರೆ.

ಮುರಕಲ್ಲಿನ ನೆಲ, ಎರಡೂವರೆ ಅಡಿ, ಮೂರು ದಿನ.
ನಾಲ್ಕನೆಯ ದಿನ ಗುಂಡಿ ಪಾಲುಕಲ್ಲಿನ ಬುಡಕ್ಕೆ ಮುಟ್ಟಿ ನಿಂತಿತು.
ಬೋನಿಫಾಸಣ್ಣ ಹಾರೆ ಹಿಡಿದು ಬಂದ.
ಕಲ್ಲು ನೋಡಿದ. ನನ್ನನ್ನು ನೋಡಲಿಲ್ಲ.
"ಕೀಳುವುದು ಬೇಡ. ಅಡಿಯಿಂದ ತೂರಿಸುವ."
ಮಲಗಿ, ತೋಳು ಭುಜದವರೆಗೆ ಮಣ್ಣಿಗೆ ಹಾಕಿ
ಪೈಪು ದೂಡಿದ. ಆಚೆಯಿಂದ ಎಳೆದೆ.
ಇಗರ್ಜಿಗೆ ಹೋಗುವ ಬಿಳಿ ಅಂಗಿಯದು, ಎದೆಯಿಡೀ ಕೆಂಪಾಯಿತು.
ಎಮಿಲ್ಡಾ ಬೈದದ್ದು ಇಬ್ಬರಿಗೂ ಕೇಳಿಸಿತು.

ಮರಳು, ಕೇಬಲ್ಲು, ಮತ್ತೆ ಮರಳು, ಮೇಲೆ ಇಟ್ಟಿಗೆಯ ಸಾಲು,
ನಾಳೆ ಯಾರಾದರೂ ಬಸಳೆಗೆ ಗುದ್ದಲಿ ಹಾಕಿದರೆ
ಮೊದಲು ಇಟ್ಟಿಗೆ ಮಾತಾಡಲಿ.
ಶೆಡ್ಡಿನ ಬೋರ್ಡಿನಲ್ಲಿ ನ್ಯೂಟ್ರಲ್ಲು ಬೇರೆ, ಅರ್ತು ಬೇರೆ;
ಒಂದೇ ಪೆಟ್ಟಿಗೆಯಲ್ಲಿದ್ದರೂ ಕೈ ಕುಲುಕುವ ಹಾಗಿಲ್ಲ
ಎಂದು ದೂಮಣ್ಣನ ಕಟ್ಟಪ್ಪಣೆ.

ಓವನ್ನು ಹಾಕಿದೆ. ಹತ್ತು ಎಚ್‌ಪಿಯದ್ದನ್ನು ಎಬ್ಬಿಸಿದೆ.
ಎದ್ದಿತು, ನರಳದೆ.
ಕಿವಿಗೆ ಫೋನು, ಕೈಯಲ್ಲಿ ಮೀಟರು.

ಅಲ್ಲಿ ಎಷ್ಟು?
"ನಾನೂರ ಹನ್ನೆರಡು. ಅಲ್ಲಿ?"
ನಾನೂರ ಒಂಬತ್ತು.
"ಮೂರು ಎಲ್ಲಿ ಹೋಯ್ತು?"
ದಾರಿಯಲ್ಲಿ. ಅಷ್ಟು ಹೋಗ್ತದೆ ಅಣ್ಣ.
"ಹಾಂ," ಎಂದ.
ಫೋನು ಇಡಲಿಲ್ಲ.